ಒಂಬತ್ತನೆಯ ಪ್ಲೇಟಿನ ಗೆರೆ

"ಮೌಶಿ, ಒಂದ್ ಮಿನಿಟ್ ಥಾಂಬಾ. ಬೋರಿವಲಿ ಫಾಸ್ಟ್ ಹೋಗ್ಲಿ," ಎಂದಳು ಸೇವಂತಿ.

ಪುಟ್ಟಲಕ್ಷ್ಮಿ ಉಸಿರು ಬಿಗಿಹಿಡಿದು ಸ್ಟೂಲಿನ ಮೇಲೆ ಕೂತಳು. ಕತ್ತಲೆ ಕೋಣೆಯ ನಡುವೆ ಆಳೆತ್ತರದ ಎಲೆಕ್ಟ್ರಾನ್ ಮೈಕ್ರೋಸ್ಕೋಪು ನಿಂತಿತ್ತು. ಅದರ ಹೊಟ್ಟೆಯ ದಪ್ಪ ಗಾಜಿನೊಳಗೆ ಅಂಗೈಯಗಲದ ಹಸಿರು ಪರದೆ, ಪರದೆಯ ಮೇಲೊಂದು ಮಸುಕು ಚಿತ್ರ. ನೋಡನೋಡುತ್ತಿದ್ದಂತೆ ಚಿತ್ರ ಸಣ್ಣಗೆ ನಡುಗಿತು, ಆಮೇಲೆ ಚಳಿಜ್ವರ ಬಂದವರ ಹಾಗೆ ಗಡಗಡ ಅಲುಗಿತು. ಹೊರಗೆ ಲೋಕಲ್ ಧಡಧಡನೆ ಹಾದುಹೋಯಿತು.

ಗೋರೆಗಾಂವ್ ಸ್ಟೇಷನ್ನಿನ ಮಗ್ಗುಲಲ್ಲೇ ಇಂಥ ಯಂತ್ರವನ್ನು ತಂದು ನಿಲ್ಲಿಸಿದ ಪುಣ್ಯಾತ್ಮ ಯಾರೋ, ಈಗ ರಿಟೈರಾಗಿ ಪುಣೆಯಲ್ಲಿ ಆರಾಮವಾಗಿದ್ದನಂತೆ. ಪಾಡು ಪಡುವವಳು ಇಲ್ಲಿ ಸಂಶೋಧನೆ ಮಾಡುವ ಸೇವಂತಿ. ಅವಳು ಯಂತ್ರದ ಮೈಗೆ ಲೋಕಲ್ ಟೈಮ್‌ಟೇಬಲ್ ಅಂಟಿಸಿಕೊಂಡು, ಎರಡು ಗಾಡಿಗಳ ನಡುವೆ ಸಿಗುವ ಮೂರು ನಾಲ್ಕು ನಿಮಿಷದಲ್ಲಿ ಫೋಟೋ ಹಿಡಿಯುವುದನ್ನು ಕಲಿತಿದ್ದಳು.

"ಈಗ ನೋಡಿ. ಈ ಗೋಲ್ ಇದೆ ನಾ, ಅದು ಯೀಸ್ಟಿನ ನ್ಯೂಕ್ಲಿಯಸ್. ಅದರ ದೀವಾರ್ ಮೇಲೆ ಈ ಕಪ್ಪು ಬಿಲ್ಲೆ. ಎಲ್ಲಾ ದಾರ ಇಲ್ಲಿಂದಾನೇ ಹೊರಡ್ತದೆ."

ಪುಟ್ಟಲಕ್ಷ್ಮಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಗ್ಗಿದಳು. ಪಾವ್ ಉಬ್ಬಿಸುವ ಯೀಸ್ಟಿನ ಒಳಗೆ ಇಷ್ಟೆಲ್ಲ ಸಂಸಾರವಿದೆಯೆಂದು ಅವಳಿಗೆ ಮೂರು ದಿನದ ಹಿಂದೆ ಗೊತ್ತಿರಲಿಲ್ಲ. ಒಂದು ಕೋಶ ಎರಡಾಗುವಾಗ ಈ ಬಿಲ್ಲೆಯೂ ಎರಡಾಗುತ್ತದಂತೆ. ಒಂದು ಆ ಕಡೆ, ಒಂದು ಈ ಕಡೆ ನಿಂತು, ತಮ್ಮಿಂದ ಹೊರಟ ಸೂಕ್ಷ್ಮ ನಳಿಗೆಗಳಿಂದ ವಂಶದ ಸಾಮಾನನ್ನೆಲ್ಲ ಎಳೆದು ಸಮಪಾಲು ಮಾಡುತ್ತವಂತೆ. ಆ ಬಿಲ್ಲೆ ಒಳಗೆ ಹೇಗೆ ಕಟ್ಟಿದೆ ಎಂದು ಕಣ್ಣಾರೆ ಕಾಣುವುದೇ ಸೇವಂತಿಯ ಐದು ವರ್ಷದ ದುಡಿಮೆ. ಅದು ಚಿರೋಟಿಯ ಹಾಗೆ ಪದರು ಪದರಾಗಿದೆ ಎಂಬುದು ಒಂದೇ ಒಂದು ಗಾಜಿನ ಫೋಟೋ ಪ್ಲೇಟಿನಲ್ಲಿ ಸ್ಪಷ್ಟವಾಗಿ ಬಿದ್ದಿತ್ತು, ಒಂಬತ್ತನೆಯದರಲ್ಲಿ. ಆ ಪ್ಲೇಟನ್ನು ಕದ್ದು ಬೇರೆ ಪ್ಲೇಟು ಇಟ್ಟಿದ್ದಾನೆ ಎಂದು ಮೂರು ದಿನದ ಹಿಂದೆ ಲ್ಯಾಬಿನಲ್ಲಿ ಯೀಸ್ಟ್ ಕೊಯ್ದುಕೊಡುವ ನಿಂಗಣ್ಣನ ತಲೆಗೆ ಕಟ್ಟಿದ್ದರು. ಇಂದು ಸಂಜೆ ಐದಕ್ಕೆ ಅವನ ಕೆಲಸ ಹೋಗುವುದಿತ್ತು.

ಈಗ ನಾಲ್ಕು ಗಂಟೆ ಐದು ನಿಮಿಷ.

ಪುಟ್ಟಲಕ್ಷ್ಮಿಗೆ ಪತ್ತೇದಾರಿಕೆ ಹೊಟ್ಟೆಪಾಡಲ್ಲ. ಅವಳ ಕಸುಬು ವಿಲೆ ಪಾರ್ಲೆಯಲ್ಲಿ ಗಂಡ ಹಿರಿಯಣ್ಣ ನಡೆಸುವ ಫೋಟೋ ಸ್ಟುಡಿಯೋದ ಹಿಂಭಾಗದಲ್ಲಿ ಕೂತು ನೆಗೆಟಿವ್ ತಿದ್ದುವುದು. ಮದುಮಗಳ ಮೊಡವೆ, ಮದುಮಗನ ಸಿಡುಬಿನ ಕಲೆ, ಮಾವನ ಹಣೆಯ ಗಂಟು, ಎಲ್ಲವೂ ಮೂವತ್ತು ವರ್ಷದಿಂದ ಅವಳ ಪೆನ್ಸಿಲಿನ ತುದಿಯಲ್ಲಿ ಮಾಯವಾಗುತ್ತ ಬಂದಿವೆ. ಒಂದು ಮದುವೆಯ ಗ್ರೂಪ್ ಫೋಟೋ ನೋಡಿ ಕಳೆದ ಬಳೆಯನ್ನು ಹುಡುಕಿಕೊಟ್ಟ ಮೇಲೆ, ಪಾರ್ಲೆಯಲ್ಲಿ ಯಾರದೇನು ಕಳೆದರೂ ಅವಳ ಮನೆಬಾಗಿಲಿಗೇ ಬರುತ್ತಾರೆ. ನಿಂಗಣ್ಣನ ಹೆಂಡತಿ ಸುಂದ್ರವ್ವ ಬಂದದ್ದೂ ಹಾಗೆಯೇ, ಕಣ್ಣೀರು ಒರೆಸಿಕೊಳ್ಳುತ್ತ, ಸೆರಗಿನಲ್ಲಿ ನಾಲ್ಕು ಜೋಳದ ರೊಟ್ಟಿ ಕಟ್ಟಿಕೊಂಡು.

ರೊಟ್ಟಿ ತಿಂದಾಗಿತ್ತು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ.

"ಪ್ಲೇಟುಗಳನ್ನ ತೋರಿಸಮ್ಮ," ಎಂದಳು.

ಹೊರಗಿನವರು ಪ್ಲೇಟು ಮುಟ್ಟಕೂಡದೆಂದು ಮೂರು ದಿನವೂ ಹಟ ಹಿಡಿದಿದ್ದ ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಜಯಸಿಂಹ ಇಂದು ಸೇವಂತಿ ಅತ್ತೂ ಕರೆದೂ ಮಾಡಿದ ಮೇಲೆ ಒಪ್ಪಿದ್ದರು. ಅದಕ್ಕೊಂದು ಷರತ್ತು ಹಾಕಿದ್ದರು: ಅವರು ಮೀಟಿಂಗ್ ಮುಗಿಸಿ ಬರುವುದರೊಳಗೆ ನೋಡಿ ಮುಗಿಸಬೇಕು.

ಪಕ್ಕದ ಕೋಣೆಯಲ್ಲಿ ನಿಂಗಣ್ಣ ಮರದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ವಿಜಾಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆಂದು ಬಂದವನು. ಇಲ್ಲಿ ಕಿಟಕಿಗೆ ಗಾಜು ಕೂರಿಸುತ್ತಿದ್ದಾಗ ಅವನು ಗಾಜು ಮುರಿಯುವ ನಯವನ್ನು ನೋಡಿ ಯಾರೋ ಒಳಗೆ ಕರೆದುಕೊಂಡಿದ್ದರು. ಈಗ ಹನ್ನೊಂದು ವರ್ಷದಿಂದ ದಪ್ಪ ಗಾಜನ್ನು ಇಕ್ಕಳದಲ್ಲಿ ಮುರಿದು ಚಾಕು ಮಾಡುತ್ತಾನೆ. ಆ ಚಾಕುವಿನಲ್ಲಿ, ತಲೆಗೂದಲಿನ ದಪ್ಪವೊಂದನ್ನು ಸಾವಿರ ಪದರ ಮಾಡಿದಷ್ಟು ತೆಳ್ಳಗೆ ಯೀಸ್ಟನ್ನು ಕೊಯ್ಯುತ್ತಾನೆ. ಕೊಯ್ದ ಹೋಳುಗಳು ಸಾಲಾಗಿ ನೀರಿನ ಮೇಲೆ ತೇಲುತ್ತವೆ. ಆ ಹೊತ್ತಿನಲ್ಲಿ ಅವನು ಸೀನುವುದೂ ಇಲ್ಲ.

ಕೊಯ್ಯುವ ಮುಂಚೆ ಯೀಸ್ಟಿನ ಗಟ್ಟಿ ಸಿಪ್ಪೆ ಕರಗಬೇಕಲ್ಲ, ಅದಕ್ಕೆ ಬಸವನಹುಳುವಿನ ಹೊಟ್ಟೆಯ ರಸವೇ ಆಗಬೇಕು. ಹೊರದೇಶದಿಂದ ಬರುವ ರಸದ ಶೀಶೆ ಇಂಪೋರ್ಟ್ ಲೈಸೆನ್ಸಿನಲ್ಲಿ ಸಿಕ್ಕಿಕೊಂಡಾಗಿನಿಂದ, ಮಳೆಗಾಲದುದ್ದಕ್ಕೂ ಆರೆ ಕಾಲನಿಯ ಹುಲ್ಲಿನಲ್ಲಿ ಹುಳು ಆಯ್ದು ತರುವ ಕೆಲಸ ಸುಂದ್ರವ್ವನದು. ಹೆಸರಿನಲ್ಲೇ ಬಸವಣ್ಣ ಇದ್ದಾನೆಂದು ಅವಳು ಪ್ರತಿ ಹುಳುವಿಗೂ ಕೈಮುಗಿದು ಬಕೆಟ್ಟಿಗೆ ಹಾಕುತ್ತಾಳೆ. ಶ್ರಾವಣ ಸೋಮವಾರ ಮುಟ್ಟುವುದೇ ಇಲ್ಲ. ಹಾಗಾಗಿ ಈ ಲ್ಯಾಬಿನಲ್ಲಿ ಶ್ರಾವಣದ ಮಂಗಳವಾರ ವಿಜ್ಞಾನ ಮುಂದೆ ಹೋಗುವುದಿಲ್ಲ. ಜಯಸಿಂಹರು ಒಮ್ಮೆ ವಾದಿಸಿ ಸೋತು ಸುಮ್ಮನಾಗಿದ್ದರು.

ನಿಂಗಣ್ಣ ಪೆಟ್ಟಿಗೆ ತೆರೆದು, ಒಳಗೆ ದೀಪ ಉರಿಯುವ ಗಾಜುಮುಚ್ಚಳದ ಬೆಳಕಿನ ಪೆಟ್ಟಿಗೆಯ ಮೇಲೆ ಹದಿನಾಲ್ಕು ಪ್ಲೇಟುಗಳನ್ನು ಸಾಲಾಗಿ ಇಟ್ಟ. ಒಂದೇ ಯೀಸ್ಟ್ ಕೋಶದ ಹದಿನಾಲ್ಕು ಹೋಳು, ಹೋಳಿಗೊಂದು ಪ್ಲೇಟು.

ಪುಟ್ಟಲಕ್ಷ್ಮಿಗೆ ಎದ್ದು ಕಂಡದ್ದು ಬಿಲ್ಲೆಯಲ್ಲ, ಗೆರೆ. ಪ್ಲೇಟಿನ ಬಲ ಮೂಲೆಯಿಂದ ಎಡಕ್ಕೆ ಓರೆಯಾಗಿ ಇಳಿದ ಒಂದು ಸಣ್ಣ ಕಪ್ಪು ಗೆರೆ. ಒಂದರಲ್ಲಿ ಇತ್ತು, ಎರಡರಲ್ಲಿ ಇತ್ತು, ಎಂಟರಲ್ಲಿ ಇತ್ತು, ಹತ್ತರಲ್ಲೂ ಇತ್ತು. ಒಂಬತ್ತರಲ್ಲಿ ಇರಲಿಲ್ಲ.

"ಈ ಗೆರಿ ಐತಲ್ರಿ ಅಕ್ಕಾರ, ಇದು ನನ್ನ ಚಾಕೂದ ಹಲ್ಲು," ಎಂದ ನಿಂಗಣ್ಣ. "ಚಾಕೂನ ಅಂಚಿಗೆ ಕಣ್ಣಿಗೆ ಕಾಣದಷ್ಟು ಮುಕ್ಕಾಗಿತ್ರಿ. ಅವತ್ತ ಕೊಯ್ದ ಹದಿನಾಕರಾಗೂ ಆ ಗೆರಿ ಇರಾಕ ಬೇಕು."

ತನ್ನನ್ನು ಉಳಿಸಲು ಬಂದವಳ ಮುಂದೆ ತನ್ನ ವಿರುದ್ಧವೇ ಸಾಕ್ಷಿ ಹೇಳುವ ಇಂಥ ಆಸಾಮಿಯನ್ನು ಅವಳು ಕಂಡಿರಲಿಲ್ಲ. ಇದೇ ಮಾತನ್ನು ಅವನು ಜಯಸಿಂಹರ ಮುಂದೆಯೂ ಹೇಳಿ ಸಿಕ್ಕಿಬಿದ್ದಿದ್ದ. ಸಾಲದ್ದಕ್ಕೆ ಆ ಚಾಕುವನ್ನೂ ತಂದು ತೋರಿಸಿದ. ಹತ್ತಿಯಲ್ಲಿ ಸುತ್ತಿ, ಕುಂಕುಮದ ಬೊಟ್ಟಿಟ್ಟು, ದಸರೆಯ ಖಂಡೇಪೂಜೆಗೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದ. ಅಷ್ಟು ಒಳ್ಳೆಯ ಚಿತ್ರ ಕೊಟ್ಟ ಚಾಕುವನ್ನು ಪೂಜೆ ಮಾಡದೆ ಎಸೆಯುವುದು ಹೇಗೆ ಎಂಬುದು ಅವನ ಪ್ರಶ್ನೆ.

ಪ್ಲೇಟುಗಳನ್ನು ಇಡುವ ಬೀರುವಿನ ಕೀಲಿ ಎರಡೇ. ಒಂದು ಸೇವಂತಿಯ ಪರ್ಸಿನಲ್ಲಿ, ಇನ್ನೊಂದು ನಿಂಗಣ್ಣನ ಉಡದಾರದಲ್ಲಿ. ಮನೆಯಲ್ಲಿ ಅವನು ಮಲಗುವಾಗ ಅದು ದೇವರ ಗೂಡಿಗೆ ಹೋಗುತ್ತದೆ. ಸೇವಂತಿ ತನ್ನ ಪ್ಲೇಟನ್ನು ತಾನೇ ಯಾಕೆ ಕದಿಯುತ್ತಾಳೆ? ಉಳಿದವನು ನಿಂಗಣ್ಣ. ಅದೂ ಅಲ್ಲದೆ ಬಾಂದ್ರಾದ ಯಾವುದೋ ಕಂಪನಿಯವರು ಅವನನ್ನು ಹೋಟೆಲಿಗೆ ಕರೆದು ಟೀ ಕುಡಿಸಿ ಕೆಲಸ ಕೊಡುತ್ತೇವೆಂದಿದ್ದು ಲ್ಯಾಬಿಗೆಲ್ಲ ಗೊತ್ತಾಗಿತ್ತು. ಹೋಗುವಾಗ ಪ್ಲೇಟನ್ನು ಕಾಣಿಕೆಯಾಗಿ ಒಯ್ಯಲು ಹೊರಟಿದ್ದಾನೆ ಎಂಬುದು ಜಯಸಿಂಹರ ಲೆಕ್ಕಾಚಾರ.

"ಹೋದ ತಿಂಗಳು ಚಿತ್ರ ತೆಗೆದಾಗ ಒಂಬತ್ತರಲ್ಲೂ ಗೆರೆ ಇತ್ತೇನಮ್ಮಾ?" ಎಂದು ಕೇಳಿದಳು.

ಇತ್ತಂತೆ. ಮೂರು ದಿನದ ಹಿಂದೆ ಪೆಟ್ಟಿಗೆ ತೆರೆದಾಗ ಇರಲಿಲ್ಲವಂತೆ. ಸೇವಂತಿ ಹಿಂದಿಯನ್ನೂ ಕನ್ನಡವನ್ನೂ ಕಲಸಿ ಹೇಳಿದಳು. ದುರದೃಷ್ಟಕ್ಕೆ ಗೆರೆ ಸರಿಯಾಗಿ ಪದರಗಳ ಮೇಲೇ ಹಾದಿತ್ತು. ಜಯಸಿಂಹರು ಅದನ್ನು ನೋಡಿ ಸಿಟ್ಟಾಗಿ, ಎಲ್ಲರ ಮುಂದೆ ನಿಂಗಣ್ಣನಿಗೆ ಹುಳುಕು ಚಾಕುವಿನವನೆಂದು ಬೈದು, ಈ ಗೆರೆಯ ಚಿತ್ರ ಯಾವ ಪತ್ರಿಕೆಯೂ ತೆಗೆದುಕೊಳ್ಳುವುದಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡು ಎಂದು ಸೇವಂತಿಗೂ ಹೇಳಿದ್ದರು. ಫೋಟೋ ಕಾಗದದ ಪೊಟ್ಟಣವೂ ಬಂದರಿನಲ್ಲೇ ಕೂತಿದ್ದರಿಂದ ಪ್ರಿಂಟು ತೆಗೆದಿರಲಿಲ್ಲ. ಆದ್ದರಿಂದ ಆಗಿನದಕ್ಕೂ ಈಗಿನದಕ್ಕೂ ಹೋಲಿಸಿ ನೋಡಲು ಏನೂ ಇಲ್ಲ.

"ಈ ಪ್ಲೇಟು ನಮ್ಮದೇ ಅನಿಸ್ತದೆ, ಮೌಶಿ. ಆದರೆ ಸರ್ ಕೇಳೋದಿಲ್ಲ. ಯೀಸ್ಟ್ ಎಲ್ಲಾ ಒಂದೇ ಥರ ಕಾಣ್ತದೆ, ಗೆರೆ ಸುಳ್ಳು ಹೇಳಲ್ಲ ಅಂತಾರೆ."

ಪುಟ್ಟಲಕ್ಷ್ಮಿ ಒಂಬತ್ತನೆಯ ಪ್ಲೇಟನ್ನು ಅಂಚಿನಲ್ಲಿ ಹಿಡಿದು ಎತ್ತಿಕೊಂಡಳು. ಸಾವಿರಾರು ನೆಗೆಟಿವ್ ಹಿಡಿದ ಕೈ. ಅವಳು ಹೇಳದೆಯೇ ಅದು ತನ್ನ ಕೆಲಸ ಮಾಡಿತು. ಪ್ಲೇಟನ್ನು ಬೆಳಕಿನ ಪೆಟ್ಟಿಗೆಯಿಂದ ದೂರ ಒಯ್ದು, ಕಿಟಕಿಯ ಕಡೆಗೆ ಓರೆ ಮಾಡಿ ಹಿಡಿಯಿತು.

ವಿಜ್ಞಾನಿಗಳು ಪ್ಲೇಟನ್ನು ಬೆಳಕಿಗೆ ಅಡ್ಡ ಹಿಡಿದು ಅದರೊಳಗಿನ ಚಿತ್ರ ನೋಡುತ್ತಾರೆ. ನೆಗೆಟಿವ್ ತಿದ್ದುವವರು ಅದರ ಚರ್ಮ ನೋಡುತ್ತಾರೆ. ಓರೆ ಬೆಳಕಿನಲ್ಲಿ ಆ ನುಣುಪು ಮೈಯ ಮೇಲೆ ಬಲ ಮೂಲೆಯಿಂದ ಎಡಕ್ಕೆ ಒಂದು ಎಳೆಯಷ್ಟು ಜಾಗ ಹೊಳಪು ಕಳೆದುಕೊಂಡು ಕಂಡಿತು. ಯಾರೋ ಸಣ್ಣ ಅಲಗಿನಿಂದ ಕಪ್ಪನ್ನು ಕೆರೆದು ತೆಗೆದಿದ್ದರು. ಕೆರೆದದ್ದು ಹೆಚ್ಚಾದ ಕಡೆ ಪೆನ್ಸಿಲಿನಿಂದ ತುಂಬಿದ್ದರು.

ಅವಳಿಗೆ ಖುಷಿಯಾಯಿತು. ಪ್ಲೇಟು ಬದಲಾಗಿಯೇ ಇಲ್ಲ. ಗೆರೆ ಮಾತ್ರ ಮಾಯವಾಗಿದೆ. ಕಳುವೇ ಇಲ್ಲದ ಮೇಲೆ ಕಳ್ಳನೆಲ್ಲಿ? ನಿಂಗಣ್ಣನನ್ನು ಕರೆದು ಹೇಳಿಬಿಡೋಣ ಎಂದು ಬಾಯಿ ತೆರೆದಳು. ಆಗ ಮೂಗಿಗೆ ವಾಸನೆ ಬಡಿಯಿತು.

ಪೆನ್ಸಿಲಿನ ಗೀಟು ಹತ್ತಲೆಂದು ನೆಗೆಟಿವಿನ ಮೇಲೆ ಸವರುವ ಟರ್ಪೆಂಟೈನಿನ ವಾಸನೆ. ಅದು ಎಲ್ಲ ಸ್ಟುಡಿಯೋಗಳಲ್ಲೂ ಇರುತ್ತದೆ. ಅದರ ಹಿಂದಿನಿಂದ ಬಂದದ್ದು ಲವಂಗ.

ಮುಂಬಯಿಯ ಮಳೆಗಾಲದಲ್ಲಿ ನೆಗೆಟಿವಿಗೆ ಬೂಸ್ಟು ಹಿಡಿಯುತ್ತದೆಂದು ಆ ದ್ರಾವಣಕ್ಕೆ ಎರಡು ತೊಟ್ಟು ಲವಂಗದ ಎಣ್ಣೆ ಹಾಕುವ ಉಪಾಯ ಒಬ್ಬಳಿಗೆ ಮಾತ್ರ ಹೊಳೆದಿತ್ತು. ಅದನ್ನು ಅವಳು ದಾದರಿನ ಸ್ಟುಡಿಯೋದವರಿಗೂ ಹೇಳಿಕೊಟ್ಟಿರಲಿಲ್ಲ, ಎಷ್ಟು ಕೇಳಿದರೂ.

ಪುಟ್ಟಲಕ್ಷ್ಮಿ ಕೈಚೀಲದಿಂದ ಭೂತಗನ್ನಡಿ ತೆಗೆದಳು. ಪೆನ್ಸಿಲಿನ ಗೀಟುಗಳು ಒಂದೊಂದೂ ಅಕ್ಕಿಯ ನುಚ್ಚಿನಷ್ಟು ಸಣ್ಣಗೆ, ಬಾಲ ಎಡಕ್ಕೆ ಬಾಗಿದ್ದವು. ಮೈಸೂರಿನಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಸೋದರಮಾವ ಕೈ ಹಿಡಿದು ಕಲಿಸಿದ ಗೀಟು. ನೋಡಿ ಅವಳ ಕಿವಿ ಬಿಸಿಯಾಯಿತು.

ಆಗ ನೆನಪೂ ಬಂತು. ಸುಮಾರು ಮೂರು ವಾರದ ಹಿಂದೆ, ಒಂದು ಗೌಡ ಸಾರಸ್ವತರ ಮದುವೆಯ ನಲವತ್ತು ನೆಗೆಟಿವ್‌ಗಳ ನಡುವೆ, ಹಿರಿಯಣ್ಣ ತಂದಿಟ್ಟ ಲಕೋಟೆಯಲ್ಲಿ ಒಂದು ವಿಚಿತ್ರ ಗಾಜಿನ ಪ್ಲೇಟು. ಲಕೋಟೆಯ ಮೇಲೆ "ಗೆರೆ ತೆಗೆಯುವುದು" ಎಂದು ಅವನ ಕೈಬರಹ. ಯಾರದೋ ದವಡೆ ಹಲ್ಲಿನ ಎಕ್ಸ್‌ರೇ ಇರಬೇಕೆಂದುಕೊಂಡು, ಪಾಪ ಹಲ್ಲು ಹುಳುಕಾಗಿದೆ ಎಂದು ಮರುಗಿ, ಅರ್ಧ ಗಂಟೆಯಲ್ಲಿ ಗೆರೆ ತೆಗೆದು ಮದುಮಗಳ ಮೂಗಿಗೆ ಹಿಂದಿರುಗಿದ್ದಳು.

ಮೂರು ದಿನದಿಂದ ಗೋರೆಗಾಂವಿನ ಸಂದುಗೊಂದುಗಳಲ್ಲಿ ಹುಡುಕಿದ ಅಪರಾಧಿ ದಿನಾ ಬೆಳಿಗ್ಗೆ ಅವಳ ಕನ್ನಡಿಯಲ್ಲೇ ತಲೆ ಬಾಚಿಕೊಳ್ಳುತ್ತಿದ್ದಳು. ನಗು ಬಂತು, ನಾಚಿಕೆಯೂ ಆಯಿತು. ಹೇಳದೆ ಇದ್ದರೆ? ಪ್ಲೇಟು ಬದಲಾಗಿಲ್ಲ, ಯಾರೋ ತಿದ್ದಿದ್ದಾರೆ ಎಂದಷ್ಟೇ ಹೇಳಿದರೂ ನಡೆದೀತು. ಆದರೆ ಯಾರೋ ಎಂದರೆ ಆ ಯಾರೋ ಮತ್ತೆ ನಿಂಗಣ್ಣನೇ ಆಗುತ್ತಾನೆ. ಎದುರಿಗೆ ಅವನು ಕುಂಕುಮ ಹಚ್ಚಿದ ಚಾಕುವನ್ನು ಮತ್ತೆ ಹತ್ತಿಯಲ್ಲಿ ಸುತ್ತುತ್ತಿದ್ದ. ಆ ಜೋಪಾನ ನೋಡಿ ಅವಳಿಗೆ ಸುಮ್ಮನಿರಲು ಆಗಲಿಲ್ಲ.

ಜಯಸಿಂಹರು ಬಂದಾಗ ನಾಲ್ಕು ನಲವತ್ತು. ಬೆಂಗಳೂರಿನ ಬಸವನಗುಡಿಯವರು, ಇಸ್ತ್ರಿ ಮುರಿಯದ ಅಂಗಿ, ಅಂಗಿಯಷ್ಟೇ ಗರಿಗರಿಯಾದ ಮಾತು. ಕೈಯಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ. ಅದನ್ನು ತಮ್ಮ ಮೇಜಿನ ಮೇಲೆ ಇಟ್ಟು, ಎಲ್ಲರನ್ನೂ ಅಲ್ಲಿಗೇ ಕರೆದರು. ಸಹಿಯೊಂದು ಬಿಟ್ಟು ಎಲ್ಲವೂ ಅದರಲ್ಲಿತ್ತು. ಬಾಗಿಲ ಬಳಿ ಸುಂದ್ರವ್ವ ಟೀ ಕೆಟಲು ಹಿಡಿದು ಬಂದು ನಿಂತಳು. ಆ ಹಾಳೆಯಲ್ಲಿ ಏನಿದೆಯೆಂದು ಅವಳಿಗೆ ಓದಿ ಹೇಳಬೇಕಾಗಿರಲಿಲ್ಲ.

"ನೋಡಿದ್ದಾಯ್ತಾ, ಪುಟ್ಟಲಕ್ಷ್ಮಮ್ಮನವರೇ?"

"ಆಯ್ತು ಡಾಕ್ಟ್ರೇ. ನಿಮ್ಮ ಪ್ಲೇಟು ಎಲ್ಲೂ ಹೋಗಿಲ್ಲ. ಇದೇ ಅದು."

ಜಯಸಿಂಹರು ನಕ್ಕರು. ಗೆರೆ ಎಲ್ಲಿ ಎಂದು ಕೇಳಿದರು. ತಾವೇ ಕಣ್ಣಾರೆ ಕಂಡ ಗೆರೆ, ಗಾಜಿನ ಮೇಲಿನ ಧೂಳಲ್ಲ ಒರೆಸಿಹೋಗಲು, ಎಂದರು. ಪುಟ್ಟಲಕ್ಷ್ಮಿ ಎಂಟನೆಯ ಪ್ಲೇಟನ್ನೂ ಒಂಬತ್ತನೆಯದನ್ನೂ ಅಂಚಿಗೆ ಅಂಚು ಸರಿಯಾಗಿ ಒಂದರ ಪಕ್ಕದಲ್ಲೊಂದು ಹಿಡಿದು, ಕಿಟಕಿಯ ಕಡೆ ಓರೆ ಮಾಡಿ, ಅವರ ಕೈಗೆ ಭೂತಗನ್ನಡಿ ಕೊಟ್ಟಳು.

ಒಬ್ಬ ಒಳ್ಳೆಯ ವಿಜ್ಞಾನಿಗೆ ಎರಡು ಸಲ ಹೇಳಬೇಕಾಗಿಲ್ಲ. ಅವರು ನೋಡಿದರು, ಪ್ಲೇಟನ್ನು ಸ್ವಲ್ಪ ತಿರುಗಿಸಿದರು, ಮತ್ತೆ ನೋಡಿದರು. ಎಂಟರಲ್ಲಿ ಕಪ್ಪು ಗೆರೆ ಇರುವ ಜಾಗದಲ್ಲೇ, ಅದೇ ಓರೆಯಲ್ಲಿ, ಒಂಬತ್ತರಲ್ಲಿ ಕೆರೆದ ಹಾದಿ ಇತ್ತು. ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

"ಕೆರೆದಿದ್ದಾರೆ," ಎಂದರು ಮೆಲ್ಲಗೆ.

"ಕೆರೆದು, ಪೆನ್ಸಿಲಿನಲ್ಲಿ ತುಂಬಿಸಿದ್ದಾರೆ. ಮೂಸಿ ನೋಡಿ."

ಪಿಎಚ್‌ಡಿ ಪಡೆದ ಮೇಲೆ ಯಾರೂ ಅವರಿಗೆ ಏನನ್ನೂ ಮೂಸಲು ಹೇಳಿರಲಿಕ್ಕಿಲ್ಲ. ಒಂದು ಕ್ಷಣ ತಡವರಿಸಿ ಮೂಸಿದರು. ಆಮೇಲೆ ಸೇವಂತಿ ಮೂಸಿ, ಡೆಂಟಿಸ್ಟಿನ ಕ್ಲಿನಿಕ್ ಥರ ಇದೆ ಎಂದಳು. ನಿಂಗಣ್ಣ ಮೂಸಿ, ಇದು ಮಸಾಲಿ ಅನ್ನದ ವಾಸನೆ ಎಂದ.

"ಲವಂಗದೆಣ್ಣೆ," ಎಂದಳು ಪುಟ್ಟಲಕ್ಷ್ಮಿ. "ಮುಂಬಯಿಯಲ್ಲಿ ಇದನ್ನ ಹಾಕಿ ನೆಗೆಟಿವ್ ತಿದ್ದೋದು ಒಬ್ಬರೇ. ಪಾರ್ಲೆಯಲ್ಲಿ ನಮ್ಮ ಸ್ಟುಡಿಯೋದಲ್ಲಿ. ಈ ಗೆರೆ ತೆಗೆದಿದ್ದು ನಾನೇ ಡಾಕ್ಟ್ರೇ."

ಲೋಕಲ್ ಒಂದು ಹಾದುಹೋಯಿತು. ಮೇಜಿನ ಮೇಲಿನ ಟೀ ಕಪ್ಪು-ಬಸಿಗಳು ಗಲಗಲ ಅಂದವು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು: ಮದುವೆಯ ನೆಗೆಟಿವ್‌ಗಳು, ಲಕೋಟೆ, ದವಡೆ ಹಲ್ಲು. ಹಲ್ಲಿನ ಮಾತು ಬಂದಾಗ ಸೇವಂತಿ ಬಾಯಿಗೆ ಕರ್ಚೀಫು ಒತ್ತಿಕೊಂಡಳು. ಜಯಸಿಂಹರ ಮೀಸೆಯ ಅಂಚೂ ಸ್ವಲ್ಪ ಅಲುಗಿತು. ಕಡೆಗೆ ಅವರು ನಿಂಗಣ್ಣನ ಕಡೆ ತಿರುಗಿ, ನಿನ್ನನ್ನು ಕಳ್ಳನೆಂದದ್ದು ತಪ್ಪಾಯಿತಪ್ಪಾ ಎಂದರು. ದೊಡ್ಡ ಮನುಷ್ಯರು ಹೀಗೆ ನೇರವಾಗಿ ತಪ್ಪೊಪ್ಪಿಕೊಳ್ಳುವುದನ್ನು ಪುಟ್ಟಲಕ್ಷ್ಮಿ ಅಪರೂಪವಾಗಿ ಕಂಡಿದ್ದಳು. ಆ ಮಟ್ಟಿಗೆ ಅವರ ಮೇಲೆ ಗೌರವ ಹುಟ್ಟಿತು. ಸುಂದ್ರವ್ವ ಟೀ ಬಗ್ಗಿಸಲು ಶುರು ಮಾಡಿದಳು. ಅರ್ಧ ಬಸಿಗೇ ಹೋಯಿತು, ಯಾರೂ ಗಮನಿಸಲಿಲ್ಲ.

ಆದರೆ ಜಯಸಿಂಹರು ಟೈಪಾದ ಹಾಳೆಯನ್ನು ಹರಿಯಲಿಲ್ಲ.

"ಗೆರೆ ತೆಗೆದ ಜಾಗದಲ್ಲಿ ಏನು ತುಂಬಿಸಿದ್ರಿ?" ಎಂದು ಕೇಳಿದರು.

"ಅಕ್ಕಪಕ್ಕದಲ್ಲಿ ಏನಿತ್ತೋ ಅದನ್ನೇ."

"ಪಕ್ಕದಲ್ಲಿ ಪದರಗಳಿದ್ವು. ಅಂದ್ರೆ ಪದರಗಳನ್ನೂ ಬರೆದಿರಾ?"

ಪುಟ್ಟಲಕ್ಷ್ಮಿಗೆ ಇಲ್ಲ ಎನ್ನಲು ಆಸೆಯಾಯಿತು. ಆದರೆ ಗೆರೆಯ ಎರಡು ಬದಿಯನ್ನೂ ನೋಡಿ ನಡುವಿನದನ್ನು ಕಣ್ಣಂದಾಜಿನಲ್ಲಿ ಕೂಡಿಸುವುದೇ ಅವಳ ಕಸುಬು. ಹುಬ್ಬಿನ ಮೇಲೆ ಗೆರೆ ಬಿದ್ದಿ‌ದ್ದರೆ ಹುಬ್ಬು ಕೂಡಿಸುತ್ತಾಳೆ. ಚಿರೋಟಿಯ ಮೇಲೆ ಬಿದ್ದಿದ್ದರೆ ಚಿರೋಟಿ.

"ಬರೆದಿರಬಹುದು," ಎಂದಳು. "ಆಣೆ ಮಾಡಿ ಹೇಳಕ್ಕಾಗಲ್ಲ."

ಸೇವಂತಿಯ ಮುಖದಲ್ಲಿ ನಗು ಇಂಗಿಹೋಯಿತು. ಜಯಸಿಂಹರು ಕುರ್ಚಿಯಲ್ಲಿ ಕೂತರು. ಪ್ರಪಂಚದಲ್ಲಿ ಈ ಬಿಲ್ಲೆಯ ಪದರಗಳನ್ನು ಎಣಿಸಲು ಹೊರಟವರು ಬೆರಳೆಣಿಕೆಯ ಮಂದಿ, ಅವರು ನಮ್ಮ ಮಾತನ್ನು ನಂಬುವುದು ಪ್ಲೇಟನ್ನು ಯಾರೂ ಮುಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಎಂದು ನಿಧಾನವಾಗಿ ವಿವರಿಸಿದರು. ನಿಮ್ಮದೇನೂ ತಪ್ಪಿಲ್ಲ, ನಿಮಗೆ ಅದು ಹಲ್ಲು ಎಂದರು. ಆದರೆ ಅದು ಏನೆಂದು ಗೊತ್ತಿದ್ದೂ ಅದನ್ನು ಸ್ಟುಡಿಯೋಗೆ ಒಯ್ದವರು ಇದ್ದಾರಲ್ಲ ಎಂದರು.

"ಗೆರೆ ಇದ್ದಿದ್ರೆ ಚಿತ್ರ ಕೆಡುತ್ತಿತ್ತು, ಅಷ್ಟೇ. ತೆಗೆದಿದ್ರಿಂದ ಕೆಲಸವೇ ಕೆಟ್ಟಿತು. ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿದವರಿಗೆ ನನ್ನ ಲ್ಯಾಬಿನಲ್ಲಿ ಜಾಗ ಇಲ್ಲ. ಅದು ಯಾರೇ ಆಗಲಿ. ಈ ಹಾಳೆಯಲ್ಲಿ ಹೆಸರು ಬದಲಾಯಿಸೋದು ಒಂದು ನಿಮಿಷದ ಕೆಲಸ. ಯಾರು ತಂದುಕೊಟ್ರು ಅಂತ ನಿಮ್ಮ ಯಜಮಾನರನ್ನ ಕೇಳಿ."

ಫೋನನ್ನು ಅವಳ ಕಡೆಗೆ ತಿರುಗಿಸಿದರು. ಐದಕ್ಕೆ ಆರು ನಿಮಿಷ ಇತ್ತು.

ಹಿರಿಯಣ್ಣನನ್ನು ಕೇಳಿ ಏನು ಉಪಯೋಗ ಎಂದು ಪುಟ್ಟಲಕ್ಷ್ಮಿ ಮನಸ್ಸಿನಲ್ಲೇ ಅಂದುಕೊಂಡಳು. ಮೂವತ್ತೈದು ವರ್ಷ ಕ್ಯಾಮೆರಾದ ಕರಿಬಟ್ಟೆಯೊಳಗೆ ಬದುಕಿದ ಮನುಷ್ಯ. ಕ್ಯಾಮೆರಾದ ಗಾಜಿನಲ್ಲಿ ತಲೆಕೆಳಗಾಗಿ ಮೂಡಿದ ಮುಖಗಳು ಅವನಿಗೆ ಜನ್ಮವಿಡೀ ನೆನಪಿರುತ್ತವೆ; ನೆಟ್ಟಗೆ ಕಂಡವರನ್ನು ಮರುದಿನವೇ ಮರೆಯುತ್ತಾನೆ. ಸ್ವಂತ ಷಡ್ಡಕನನ್ನು ಸ್ಟೇಷನ್ನಿನಲ್ಲಿ ಕಂಡು ಯಾರು ತಾವು ಎಂದಿದ್ದ. ಆದರೂ ಡಯಲ್ ಮಾಡಿದಳು.

ನಾಲ್ಕನೆಯ ರಿಂಗಿಗೆ ಹಿರಿಯಣ್ಣ ಎತ್ತಿದ. ಪುಟ್ಟಲಕ್ಷ್ಮಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, ಮೂರು ವಾರದ ಹಿಂದೆ ಬಂದ ಎಕ್ಸ್‌ರೇಯಂಥ ಪ್ಲೇಟು ನೆನಪಿದೆಯೇ ಎಂದು ಕೇಳಿದಳು. ನೆನಪಿದೆ ಎಂದ. ಯಾರು ತಂದರು ಎಂದು ಕೇಳಿದಳು.

ಇತ್ತ ಕೋಣೆಯಲ್ಲಿ ನಾಲ್ವರೂ ಅವಳ ಮುಖವನ್ನೇ ನೋಡುತ್ತಿದ್ದರು. ಜಯಸಿಂಹರು ಪೆನ್ನಿನ ಮುಚ್ಚಳ ತೆಗೆದಿದ್ದರು. ಬೀರುವಿಗೆ ಒರಗಿದ ಸೇವಂತಿ ಕರ್ಚೀಫನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳ ಮನೆಯೂ ಪಾರ್ಲೆಯಲ್ಲೇ. ಅವಳ ಪಾಸ್‌ಪೋರ್ಟ್ ಫೋಟೋ ಹಿರಿಯಣ್ಣನೇ ತೆಗೆದದ್ದೆಂದು ಮೊದಲ ದಿನವೇ ಹೇಳಿದ್ದಳು. ಸುಂದ್ರವ್ವ ಖಾಲಿ ಕೆಟಲನ್ನು ಎದೆಗೆ ಅವುಚಿ ನಿಂತಿದ್ದಳು. ಪಾರ್ಲೆಯ ದಾರಿ ಅವಳಿಗೂ ಗೊತ್ತು, ರಾತ್ರಿ ದೇವರ ಗೂಡಿನಲ್ಲಿರುವ ಕೀಲಿಯೂ ಅವಳ ಕೈಗೆಟುಕುವಂಥದು. ನಿಂಗಣ್ಣ ಟೀ ಮುಟ್ಟಿರಲಿಲ್ಲ. ಸ್ಟುಡಿಯೋ ಎಂಬ ಮಾತು ಬಂದಾಗಿನಿಂದ ಅವನು ಒಂದು ಮಾತೂ ಆಡಿಲ್ಲವೆಂದು ಪುಟ್ಟಲಕ್ಷ್ಮಿಗೆ ಈಗ ಹೊಳೆಯಿತು.

"ಮುಖ ಕೇಳಬೇಡ, ನೆನಪಿಲ್ಲ," ಎಂದ ಹಿರಿಯಣ್ಣ ಕಿವಿಯಲ್ಲಿ. "ಹೆಸರೂ ಬರೆಸಲಿಲ್ಲ. ಹೆಂಗಸು ಕಣೇ. ಪ್ಲೇಟನ್ನ ಕೈಗೆ ಕೊಡುವಾಗ ಹಸುಗೂಸು ಕೊಟ್ಟ ಹಾಗೆ ಕೊಟ್ಟಳು. ತಗೊಂಡು ಹೋಗಕ್ಕೂ ಅವಳೇ ಬಂದಿದ್ದಳು. ಹೆಂಗಸು ಅನ್ನೋದು ಮಾತ್ರ ಖಂಡಿತ."

ಅವನ ದನಿ ಅವಳ ಕಿವಿಯಿಂದ ಆಚೆ ಹೋಗಿರಲಿಲ್ಲ. ಅವಳು ಸೇವಂತಿಯನ್ನು ನೋಡಿದಳು, ಸುಂದ್ರವ್ವನನ್ನು ನೋಡಿದಳು. ಇಬ್ಬರೂ ನೆಲ ನೋಡುತ್ತಿದ್ದರು.

"ಯಾರಂತೆ?" ಎಂದರು ಜಯಸಿಂಹರು.

ಆಗ ನಿಂಗಣ್ಣ ಮುಂದೆ ಬಂದ. ಉಡದಾರದಿಂದ ಬೀರುವಿನ ಕೀಲಿ ಬಿಚ್ಚಿ, ಟೈಪಾದ ಹಾಳೆಯ ಮೇಲೆ ಇಟ್ಟ. ಆ ಇಬ್ಬರು ಹೆಂಗಸರಲ್ಲಿ ಯಾರ ಕಡೆಗೂ ಅವನು ಕಣ್ಣೆತ್ತಲಿಲ್ಲ.

"ಅವರನ್ಯಾಕ ಕೇಳ್ತೀರಿ, ಸಾಹೇಬ್ರ. ನಾನ ಒಯ್ದಿದ್ದೆ. ಸ್ಟುಡಿಯೋಕ್ಕ ಹೋಗಿ ನನ್ನ ಕೈಯಾರೆ ಕೊಟ್ಟು, ನನ್ನ ಕೈಯಾರೆ ತಂದೀನಿ. ಸಹಿ ಹಾಕ್ರಿ."

ಜಯಸಿಂಹರು ಕೀಲಿಯನ್ನು ಪಕ್ಕಕ್ಕೆ ಸರಿಸಿ, ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದು ಸುಳ್ಳೆಂದು ಆ ಕೋಣೆಯಲ್ಲಿ ಪುಟ್ಟಲಕ್ಷ್ಮಿಗೆ ಗೊತ್ತಿತ್ತು, ನಿಂಗಣ್ಣನಿಗೆ ಗೊತ್ತಿತ್ತು, ಇನ್ನೊಬ್ಬಳಿಗೂ ಗೊತ್ತಿತ್ತು. ಪುಟ್ಟಲಕ್ಷ್ಮಿ ಬಾಯಿ ಬಿಟ್ಟರೆ ಹೋಗುವುದು ಆ ಇನ್ನೊಬ್ಬಳ ಬದುಕು, ಬಿಡದಿದ್ದರೆ ನಿಂಗಣ್ಣನ ಬದುಕು.

"ಲೇ, ಲೈನಲ್ಲಿದ್ದೀಯಾ?" ಎಂದು ಹಿರಿಯಣ್ಣ ಫೋನಿನೊಳಗಿಂದ ಕೇಳುತ್ತಿದ್ದ. "ಯಾಕೆ ಸುಮ್ಮನಾದೆ? ಆ ಹೆಂಗಸು ಯಾರೂಂತ ಗೊತ್ತಾಯ್ತಾ?"